ಬಳೆಗಾರ ಕಾಣದ ಮೂರು ದಿನ

ಶಿಷ್ಯನು ಕೇಳಿದನು: "ಗುರುಗಳೇ, ಊರಿನವರ ವಾಟ್ಸಾಪ್ ಗುಂಪಿನಲ್ಲಿ ಕಂಡವರ ಮೇಲೆ ಏನೇನೋ ಬರೆಯುತ್ತಾರೆ. ನಾನು ಓದುತ್ತೇನೆ, ಒಂದಕ್ಷರವೂ ಬರೆಯುವುದಿಲ್ಲ. ಬರೀ ಓದಿದ್ದಕ್ಕೂ ದೋಷ ತಟ್ಟುವುದೇ?"

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಬಳೆಗಾರನಿದ್ದ. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ. ಮೂವತ್ತು ವರ್ಷ ಆ ಊರಿನ ಹೆಂಗಸರಿಗೆಲ್ಲ ಬಳೆ ತೊಡಿಸಿದವನು ಅವನೇ. ಹೊರಗಿನ ಗಂಡಸು ನಡುಮನೆಗೆ ಬಂದು ಹೆಣ್ಣುಮಗಳ ಕೈ ಹಿಡಿಯುವುದೆಂದರೆ, ಅದು ಬಳೆಗಾರನೊಬ್ಬನಿಗೇ ಸಲ್ಲುವ ಸಲುಗೆ. ಬಳೆ ತೊಟ್ಟವಳು ಅವನಿಗೆ ಕೈಮುಗಿದೇ ಏಳುತ್ತಾಳೆ. ಆ ನಂಬಿಕೆಯೇ ಅವನ ಅನ್ನ.

ಒಬ್ಬ ರೈತನ ಮಗಳ ಸೀಮಂತ ಬಂತು. ಹಸಿರು ಬಳೆ ತೊಡಿಸಲು ಬಳೆಗಾರ ಒಪ್ಪಿದ್ದ. ಮುಹೂರ್ತಕ್ಕೆ ಅವನು ಬರಲಿಲ್ಲ. ಮನೆಗೆ ಬೀಗ. ಫೋನ್ ಮಾಡಿದರೆ ಎತ್ತಲಿಲ್ಲ. ರೈತ ಗುಂಪಿನಲ್ಲಿ ಕೇಳಿದ: "ನಮ್ಮ ಬಳೆಗಾರನನ್ನು ಯಾರಾದರೂ ಕಂಡಿರಾ?"

ಅಷ್ಟೇ ಸಾಕಾಯಿತು.

"ಬೆಳಗಿನ ಬಸ್ಸು ಹತ್ತಿದ್ದು ನಾನೇ ನೋಡಿದೆ. ಹಿಂದೆಯೇ ಒಬ್ಬಳು ಕೆಂಪು ಸೀರೆಯವಳು!" ಎಂದು ದರ್ಜಿ ಬರೆದ.

"ಮುಖ ನೋಡಿದೆಯೇನೋ?" ಎಂದು ಒಬ್ಬ ಕೇಳಿದ.

"ದರ್ಜಿ ಕಣಣ್ಣ ನಾನು, ಸೀರೆ ನೋಡಿದೆ."

ಹಿಟ್ಟಿನ ಗಿರಣಿಯವನು ಬಾಸಿಂಗದ ಚಿತ್ರ ಹಾಕಿದ: "ಮಾವ ಮತ್ತೆ ಮದುಮಗ!" ಇನ್ನೊಬ್ಬ ಬರೆದ: "ಮೊನ್ನೆ ನಮ್ಮವಳ ಕೈ ಬಹಳ ಹೊತ್ತು ಹಿಡಿದಿದ್ದ. ನನಗೆ ಆಗಲೇ ಅನುಮಾನ."

ಊರಿಗೆ ಊರೇ ಹುರುಪೆದ್ದಿತು. ಒಲೆಯ ಮೇಲೆ ಸಾರು ಉಕ್ಕಿ ಹರಿದರೂ ಫೋನ್ ಕೆಳಗಿಡುವವರಿಲ್ಲ. ಈ ಜಗಲಿಯಿಂದ ಆ ಜಗಲಿಗೆ "ಹೊಸದೇನಾದರೂ ಬಂತೇನೇ?" ಎಂದು ಕೂಗು. ಕೆಂಪು ಸೀರೆಗೆ ಮಧ್ಯಾಹ್ನದೊಳಗೆ ಒಂದು ಹೆಸರು ಬಂತು, ಸಂಜೆಗೆ ಅವಳಿಗೊಬ್ಬ ಗಂಡನೂ ಹುಟ್ಟಿದ. ಮೂರು ದಿನ ಹೀಗೇ ನಡೆಯಿತು. ಗುಂಪಿನಲ್ಲಿದ್ದವರು ಇನ್ನೂರು ಜನ. ಅವನ ಮೇಲೆ ಬರೆದವರು ಒಂಬತ್ತೇ ಜನ.

ನಾಲ್ಕನೆಯ ಬೆಳಿಗ್ಗೆ ಬಳೆಗಾರ ಬಂದ. ಬಳೆಯ ಮಲಾರ ಹೆಗಲಿಗೇರಿಸಿಕೊಂಡು ನೇರ ರೈತನ ಮನೆಗೆ ಹೋದ. ಮಗಳ ಎರಡೂ ಕೈಗೆ ಹಸಿರು ಬಳೆ ತೊಡಿಸಿದ. ಒಂದೂ ಒಡೆಯಲಿಲ್ಲ. ಆಮೇಲೆ ಹೇಳಿದ: "ತಪ್ಪಾಯಿತಮ್ಮಾ. ಕೈ ನಡುಗಲು ಹಿಡಿದಿತ್ತು. ಒಂದು ಬಳೆ ಏರಿಸಲು ಎರಡರ ಹೊತ್ತು ಬೇಕಾಗುತ್ತಿತ್ತು. ಗೊತ್ತಾದರೆ ಗಾಜಿಗೆ ಯಾರು ಕೈ ಕೊಡುತ್ತಾರೆ ಎಂದು ಹೆದರಿ, ಹೇಳದೆ ಪೇಟೆಯ ಆಸ್ಪತ್ರೆಗೆ ಹೋದೆ. ಈಗ ವಾಸಿ."

ಸುದ್ದಿ ಹಬ್ಬಿತು. ಒಂಬತ್ತು ಜನರೂ ಓಡಿ ಬಂದರು. ದರ್ಜಿ ಕಾಲಿಗೆ ಬಿದ್ದ. ಬಳೆಗಾರ ಅವನನ್ನು ಎಬ್ಬಿಸಿದ. ಆ ಒಂಬತ್ತು ಮನೆಗೂ ಹೋಗಿ ಬಳೆ ತೊಡಿಸಿದ. ಬಳಿಕ ಮಲಾರ ಬಿಗಿದು, ಮನೆಯ ಬೀಗದ ಕೈ ರೈತನ ಕೈಯಲ್ಲಿಟ್ಟು ಊರಾಚೆ ನಡೆದ.

ರೈತ ಬೆನ್ನ ಹಿಂದೆ ಓಡಿದ. "ಬೈದವರನ್ನೇ ಮನ್ನಿಸಿದೆಯಲ್ಲೋ, ಮತ್ಯಾಕೆ ಊರು ಬಿಡುತ್ತೀ?"

"ಆ ಗುಂಪಿನಲ್ಲಿ ನಾನೂ ಇದ್ದೇನಣ್ಣಾ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಎಲ್ಲವನ್ನೂ ಓದಿದೆ. ಬರೆದವರ ಮನಸ್ಸಿನಲ್ಲಿದ್ದುದು ಹೊರಗೆ ಬಂತು, ತೊಳೆದೂ ಹೋಯಿತು. ಉಳಿದವರ ಮನಸ್ಸಿನಲ್ಲಿ ಏನಿದೆಯೋ ನಾನು ಕಾಣೆ. ಅದು ಕಾಣದೆ ಅವರ ಹೆಣ್ಣುಮಕ್ಕಳ ಕೈ ಹೇಗೆ ಹಿಡಿಯಲಿ?"

ಅವನು ಮತ್ತೆ ಆ ಊರಿಗೆ ಬರಲಿಲ್ಲ.

ಶಿಷ್ಯನಿಗೆ ಸಂಕಟವಾಯಿತು. "ಗುರುಗಳೇ, ಉಳಿದ ಅಷ್ಟು ಜನರಲ್ಲಿ ಅವನನ್ನು ನಂಬಿದವರು ಒಬ್ಬರೂ ಇರಲಿಲ್ಲವೇ?"

ಗುರುಗಳು ಹೇಳಿದರು: "ಎಲ್ಲರೂ ನಂಬಿದ್ದರು ಮಗೂ, ಒಬ್ಬರೂ ಬರೆಯಲಿಲ್ಲ."