ತೂಗುಹಾಕಿದ ಹರಿವೆ ಸೊಪ್ಪು

ಮಕ್ಕಳೇ, ಈ ಕಥೆಯ ಒಂದೊಂದು ಅಕ್ಷರವೂ ನಿಜ, ನಿಮ್ಮ ಈ ಮಾವನ ಮೀಸೆಯಾಣೆ. ಕೋಳಿಮರಿ ಸಾಕುವುದರಲ್ಲಿ ನನ್ನನ್ನು ಮೀರಿಸುವವರು ಸುತ್ತ ಏಳೂರಲ್ಲಿ ಇಲ್ಲ. ಆದರೂ ಒಂದು ಬೆಳಿಗ್ಗೆ ಬಲ್ಬಿನ ಕಾವಿನಲ್ಲಿ ಮರಿಗಳನ್ನು ಬೆಚ್ಚಗಿಡುವ ನನ್ನ ಬ್ರೂಡರ್ ಪೆಟ್ಟಿಗೆಯ ಮರಿಗಳೆಲ್ಲ ಸೇರಿ, ತಮ್ಮಲ್ಲೇ ಸಣ್ಣದೊಂದರ ಬಾಲದ ಪುಕ್ಕ ಕುಕ್ಕಿ ಕುಕ್ಕಿ ಬೋಳಿಸಿದ್ದವು. ಇನ್ನೊಂದು ದಿನ ಹೀಗೇ ಆಗಿದ್ದರೆ ಅದು ಉಳಿಯುತ್ತಿರಲಿಲ್ಲ.

"ಬೆಚ್ಚಗಿಟ್ಟಿದ್ದೇನಲ್ಲ, ಇನ್ನೇನು ಬೇಕಿತ್ತು?" ಎಂದಿತು ಬಲ್ಬು.

"ಹೊಟ್ಟೆ ತುಂಬಿಸಿದ್ದೇನೆ. ಕೊಬ್ಬು ಇವಕ್ಕೆ!" ಎಂದಿತು ಮೇವಿನ ತಟ್ಟೆ.

"ಕೊಬ್ಬಲ್ಲ, ಬೇಸರ," ಎಂದಿತು ನನ್ನ ಕೈಯಲ್ಲಿದ್ದ ಹರಿವೆ ಸೊಪ್ಪಿನ ಕಟ್ಟು. "ಯಜಮಾನರೇ, ನನ್ನನ್ನು ನೆಲಕ್ಕೆ ಹಾಕಬೇಡಿ. ಹಾರಿದರೆ ಮಾತ್ರ ಎಟುಕುವಷ್ಟು ಎತ್ತರಕ್ಕೆ ತೂಗುಹಾಕಿ."

"ಮಕ್ಕಳನ್ನು ಸತಾಯಿಸುವುದೇ?" ಬಲ್ಬು ಕೆಂಡವಾಯಿತು.

ನಾನು ತಕ್ಷಣ ದಾರ ಕಟ್ಟಿ ತೂಗುಹಾಕಿದೆ. ಮರಿಗಳು ಹಾರಿದವು, ಬಿದ್ದವು, ಮತ್ತೆ ಹಾರಿದವು. ಸಂಜೆಯವರೆಗೆ ಯಾರಿಗೂ ಇನ್ನೊಬ್ಬರ ಬಾಲ ನೆನಪಾಗಲಿಲ್ಲ. ಬೋಳುಬಾಲದ ಮರಿಯೂ ಒಂದು ಎಲೆ ಕಿತ್ತು, "ನಾನೇ ಕಿತ್ತೆ!" ಎಂದು ಕೂಗಿತು. ತಟ್ಟೆಯ ಮೇವಿಗೆ ಅದು ಎಂದೂ ಹಾಗೆ ಕೂಗಿದ್ದಿಲ್ಲ.

ಎಲ್ಲವೂ ನಿಜ. ದಾರ ಕಟ್ಟಿದ್ದು ನಾನು ಅನ್ನುವುದೊಂದು ಮಾತ್ರ ಸುಳ್ಳು. ನಾನು ಬಲ್ಬಿನ ಪಕ್ಷ ಹಿಡಿದು ವಾದಿಸುತ್ತಾ ನಿಂತಿದ್ದೆ, ಕಟ್ಟಿದವಳು ನಿಮ್ಮತ್ತೆ.