ಜಿಗಿಯುವ ಕಪ್ಪು, ತೇಲುವ ಕಪ್ಪು

ಶಿವಲೀಲಾಗೆ ಹಗಲಲ್ಲೂ ಕಪ್ಪು ಕನಸುಗಳೇ. ಇರದೆ ಏನು? ಬಸಲಿಂಗಪ್ಪ ಮೇಷ್ಟ್ರ ಪ್ರಯೋಗಾಲಯದಲ್ಲಿ ಅವಳ ಕೆಲಸವೇ ಕಪ್ಪು ಪುಡಿ ಮಾಡುವುದು. ಕಬ್ಬಿಣದ ಎರಡು ಬಗೆಯ ಲವಣವನ್ನು ಬಿಸಿನೀರಲ್ಲಿ ಕರಗಿಸಿ, ಅಮೋನಿಯಾವನ್ನು ಹನಿಹನಿಯಾಗಿ ಬಿಡಬೇಕು. ಕಿತ್ತಳೆ ಬಣ್ಣದ ನೀರು ನೋಡನೋಡುತ್ತ ಕಾಡಿಗೆಯ ಹಾಗಾಗುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಹುಟ್ಟುತ್ತವೆ. ಅವು ನೀರಿನ ವಿಷವನ್ನು ಮೈಗೆ ಅಂಟಿಸಿಕೊಳ್ಳುತ್ತವೆ. ಆಮೇಲೆ ಅಯಸ್ಕಾಂತ ಹಿಡಿದರೆ ವಿಷದ ಸಮೇತ ಒಂದು ಮೂಲೆಗೆ ಬಂದು ಕೂರುತ್ತವೆ.

“ಕಲಕೋದು ನಿಲ್ಲಿಸಬ್ಯಾಡವ್ವ,” ಎನ್ನುತ್ತಿದ್ದರು ಮೇಷ್ಟ್ರು. “ನಿಲ್ಲಿಸಿದರೆ ಒಂದಕ್ಕೊಂದು ಅಂಟಿ ದಪ್ಪ ಆಗ್ತಾವ. ದಪ್ಪ ಆದರೆ ವಿಷ ಹಿಡಿಯಾಕ ಮೈ ಸಾಲಂಗಿಲ್ಲ.”

ಒಂದು ದಿನ ಕರೆಂಟು ಹೋಯಿತು. ಕಲಕುವ ಯಂತ್ರ ನಿಂತಿತು. ಗಾಜಿನ ಕಡ್ಡಿ ಹಿಡಿದು ಕೈಯಲ್ಲೇ ಕಲಕಬೇಕಿತ್ತು. ನಮ್ಮ ಶಿವಲೀಲಾ ಕಿಟಕಿಗೆ ಒರಗಿ ಗುಡ್ಡದಾಚೆಯ ಊರನ್ನು ನೆನೆಯುತ್ತ ಕೂತಳು. ಆ ಊರಿನ ಬಾವಿಯಲ್ಲಿ ವಿಷ ಸೇರಿತ್ತು. ಬಾವಿಗೆ ಹಲಗೆ ಮುಚ್ಚಿದ್ದರು. ಹೆಂಗಸರು ದೂರದಿಂದ ನೀರು ಹೊರುತ್ತಿದ್ದರು. ತನ್ನ ಪುಡಿ ಬಿದ್ದು ಹಲಗೆ ತೆಗೆದಂತೆ, ಎಲ್ಲರೂ ಬೊಗಸೆಯೊಡ್ಡಿದಂತೆ ಅವಳಿಗೆ ಕಾಣುತ್ತಿತ್ತು. ಎಚ್ಚರವಾಗುವಷ್ಟರಲ್ಲಿ ಪುಡಿ ಒಂದಕ್ಕೊಂದು ಅಂಟಿ ತಳ ಸೇರಿತ್ತು.

ಅಯಸ್ಕಾಂತ ತಂದಳು. ಅಬ್ಬಾ, ಪುಡಿ ಛಂಗನೆ ಜಿಗಿದು ಗಾಜಿಗೆ ಅಂಟಿತು! ಹಿಂದಿನ ವಾರ ಸರಿಯಾಗಿ ಕಲಕಿ ಮಾಡಿದ್ದ ಪುಡಿಯೋ ಸೋಮಾರಿಯಂತೆ ತೇಲುತ್ತ ಬರುತ್ತಿತ್ತು. ಜನಕ್ಕೆ ತೋರಿಸಲು ಜಿಗಿಯುವುದೇ ಚೆಂದ ಎಂದುಕೊಂಡಳು. ಮೇಷ್ಟ್ರಿಗೆ ಹೇಳದೆ ಎರಡೂ ಬಾಟಲಿಗಳನ್ನು ಚೀಲಕ್ಕೆ ಹಾಕಿದಳು.

ಮೇಷ್ಟ್ರ ಜೊತೆ ಆ ಊರಿಗೆ ಹೋದಳು. ಬಾವಿಯ ನೀರಿನ ಬಿಂದಿಗೆಗೆ ಜಿಗಿಯುವ ಪುಡಿ ಬಿತ್ತು, ಅಯಸ್ಕಾಂತ ಬಂತು, ಕಪ್ಪೆಲ್ಲ ಒಂದೇ ಗಳಿಗೆಯಲ್ಲಿ ಮಾಯ. ಜನ ಚಪ್ಪಾಳೆ ತಟ್ಟಿದರು. ಹನುಮವ್ವ ಎಂಬ ಮುದುಕಿ ಮಾತ್ರ ಲೋಟ ತುಂಬಿ ಮುಂದೆ ಹಿಡಿದಳು.

“ಮೊದಲು ನೀ ಕುಡಿ ನನ್ನವ್ವ. ಆಮ್ಯಾಲೆ ನನ್ನ ಮೊಮ್ಮಕ್ಕಳಿಗೆ ಕೊಡ್ತೀನಿ.”

ಶಿವಲೀಲಾಳ ಕೈ ಮುಂದೆ ಬರಲಿಲ್ಲ. ದಪ್ಪ ಕಣದ ಬಗ್ಗೆ ಮೇಷ್ಟ್ರು ಹೇಳಿದ್ದು ನೆನಪಾಯಿತು. ನೀರಲ್ಲಿ ವಿಷವಿದ್ದರೆ ಬಣ್ಣ ತಿರುಗುವ ಪರೀಕ್ಷೆಯ ಕಾಗದ ತೆಗೆದು ನೋಡಿದಳು. ಕಾಗದ ಕಂದು ಬಣ್ಣಕ್ಕೆ ತಿರುಗಿತು. ವಿಷ ಹಾಗೇ ಇತ್ತು.

ಮೇಷ್ಟ್ರು ಅವಳ ಮುಖವನ್ನೇ ನೋಡುತ್ತ ನಿಂತರು.

“ಕುಡೀಬ್ಯಾಡ್ರಿ ಅಜ್ಜಿ,” ಎಂದಳು ಶಿವಲೀಲಾ. “ಚೆಂದ ಕಾಣಲಿ ಅಂತ ತಪ್ಪು ಪುಡಿ ಹಾಕಿದೆ.” ಹೇಳುವಾಗ ನಾಚಿಕೆಯಿಂದ ಕಣ್ಣು ತುಂಬಿತು.

ಬೇರೆ ಬಿಂದಿಗೆ ತುಂಬಿ ಸೋಮಾರಿ ಪುಡಿ ಹಾಕಿದಳು. ನೀರು ಕಪ್ಪಾಗಿ ಮೋಡ ಕವಿದಂತಾಯಿತು. ಅಯಸ್ಕಾಂತ ಹಿಡಿದರೂ ಕಪ್ಪು ಮೆಲ್ಲಮೆಲ್ಲಗೆ ಸರಿಯಿತೇ ಹೊರತು ಜಿಗಿಯಲಿಲ್ಲ. ನೋಡಲು ಏನೂ ಇಲ್ಲವೆಂದು ಜನ ಗೊಣಗುತ್ತ ಎದ್ದು ಹೋದರು. ಹನುಮವ್ವ ಕೂತೇ ಇದ್ದಳು. ಬಿಸಿಲು ಇಳಿಯುವ ಹೊತ್ತಿಗೆ ನೀರು ತಿಳಿಯಾಯಿತು. ಕಾಗದ ಬೆಳ್ಳಗೇ ಉಳಿಯಿತು.

ಶಿವಲೀಲಾ ತಾನಾಗಿಯೇ ಲೋಟ ಎತ್ತಿ ಗಟಗಟ ಕುಡಿದಳು. ಹನುಮವ್ವ ಎದ್ದು, ಮೊಮ್ಮಕ್ಕಳನ್ನು ಹೆಸರು ಹಿಡಿದು ಕೂಗಿದಳು.

ನೀತಿ: ನೋಡುವವರು ಮೆಚ್ಚಿದ ಮಾತ್ರಕ್ಕೆ ಕೆಲಸ ಸರಿಯಾಯಿತೆಂದಲ್ಲ. ಇನ್ನೊಬ್ಬರ ಬಾಯಿಗೆ ಕೊಡುವುದನ್ನು ನಾವು ಅಂಜದೆ ಕುಡಿಯುವಂತಿರಬೇಕು. ಹಾಗಿಲ್ಲದಿದ್ದರೆ, ಚಪ್ಪಾಳೆಯ ನಡುವೆಯೂ “ತಪ್ಪಾಯಿತು” ಎನ್ನಬೇಕು.