ಬೇಡಬೇಡ, ಕೇಳು

"ಗುರುಗಳೇ, ಹೆಚ್ಚು ತೆರಿಗೆ ಕಟ್ಟಿದವನಿಗೆ ಹೆಚ್ಚಾದಷ್ಟು ಮರಳಿ ಬರುತ್ತದೆ. ಅದು ನ್ಯಾಯ. ಆದರೆ ಬಿಡಿಗಾಸನ್ನೂ ಕಟ್ಟದವರಿಗೂ ಕೆಲವು ರಾಜ್ಯಗಳಲ್ಲಿ ಬೊಕ್ಕಸದಿಂದ ಮರಳುತ್ತದಂತೆ. ಹೋಗದೇ ಇದ್ದದ್ದು ಮರಳಿ ಬರುವುದುಂಟೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನು ಸಂತೆಗೆ ಹೋಗುವ ದಾರಿಯಲ್ಲಿ ಸುಂಕದ ಕಟ್ಟೆಯಿತ್ತು. ಮಡಕೆ ಮಾರುವ ಮುಂಚೆಯೇ ಸುಂಕದವನು ಐದಕ್ಕೊಂದು ಇಳಿಸಿಕೊಳ್ಳುತ್ತಿದ್ದ. ಅರಸನಿಗೆ ನಿಜವಾಗಿ ಸಲ್ಲಬೇಕಾದದ್ದು ಮಾರಿದ್ದರಲ್ಲಿ ಹತ್ತಕ್ಕೊಂದು. ಆದರೆ ಎಷ್ಟು ಮಾರುತ್ತದೆ ಎಂದು ಮುಂಚೆ ಬಲ್ಲವರು ಯಾರು? ಅದಕ್ಕೇ ಅಂದಾಜು. ಅಂದಾಜು ಯಾವಾಗಲೂ ಅರಸನ ಕಡೆಗೇ ವಾಲುತ್ತದೆ. ಅದು ಅದರ ಹುಟ್ಟುಗುಣ.

ಹಾಗೆಂದು ಅರಸ ಕೆಟ್ಟವನಲ್ಲ. ವರ್ಷಕ್ಕೊಂದು ಲೆಕ್ಕದ ದಿನ ಇಟ್ಟಿದ್ದ. ಆ ದಿನ ಹೊತ್ತು ಮುಳುಗುವವರೆಗೆ ಸುಂಕದವನು ಕಟ್ಟೆಯಿಂದ ಇಳಿಯುವಂತಿಲ್ಲ. ಬಂದವರು ಎಷ್ಟು ಮಾರಿದೆವು, ಎಷ್ಟು ಒಡೆಯಿತು, ಮನೆಯಲ್ಲಿ ಮಕ್ಕಳೆಷ್ಟು ಎಂದು ತಮ್ಮ ಬಾಯಿಂದಲೇ ಹೇಳಬೇಕು. ಹೆಚ್ಚು ಕೊಟ್ಟಿದ್ದರೆ ಹೆಚ್ಚಾದದ್ದು ವಾಪಸು. ಐದು ವರ್ಷದೊಳಗಿನ ಒಂದೊಂದು ಮಗುವಿಗೆ ಎರಡೆರಡು ಬಳ್ಳ ರಾಗಿಯಷ್ಟು ಸುಂಕ ಬಿಡುಗಡೆ. ಕಟ್ಟಬೇಕಾದ ಸುಂಕಕ್ಕಿಂತ ಬಿಡುಗಡೆಯೇ ಹೆಚ್ಚಾದರೆ, ಹೆಚ್ಚಾದ ರಾಗಿಯನ್ನು ಅರಮನೆಯ ಕಣಜದಿಂದ ಅಳೆದು ಕೊಡಬೇಕು. ಬಾಯಿಬಿಡದವನ ಪಾಲು ಮಾತ್ರ ಹೊತ್ತು ಮುಳುಗಿದ ಮೇಲೆ ಅರಸನದು.

ಎಲ್ಲ ಸರಿಯಾಗಿಯೇ ಇತ್ತು. ಡಂಗುರದವನು ಕೆಡಿಸಿದ. "ಕೇಳ್ರಪ್ಪೋ ಕೇಳಿ! ನಾಳೆ ಸುಂಕದ ಕಟ್ಟೆಗೆ ಬಂದು ನಿಮ್ಮ ನಿಮ್ಮ ಸುಖದುಃಖ ಹೇಳಿಕೊಳ್ಳಿ!" ಎಂದು ಸಾರಿದ. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸುಂಕದವನ ಮುಂದೆ ಸುಖದುಃಖ ಹೇಳಿದಂತೆ ಎಂಬ ಗಾದೆಯನ್ನು ನಡೆಯಲು ಕಲಿಯುವ ಮುಂಚೆಯೇ ಕಲಿತ ಊರು ಅದು. ಹೇಳಿ ಫಲವಿಲ್ಲದ ಕಡೆ ಬಾಯಿ ನೋಯಿಸಿಕೊಳ್ಳುವುದಕ್ಕೆ ಅವರಲ್ಲಿ ಇದ್ದದ್ದು ಅದೊಂದೇ ಹೆಸರು. ಹೀಗಾಗಿ ಹನ್ನೊಂದು ಸಲ ಲೆಕ್ಕದ ದಿನ ಬಂತು, ಒಂದು ನರಪಿಳ್ಳೆ ಬರಲಿಲ್ಲ. ಸುಂಕದವನು ಎಲೆಅಡಿಕೆ ಜಗಿಯುತ್ತ, ನೊಣ ಓಡಿಸುತ್ತ ಕೂತ.

ಹನ್ನೆರಡನೆಯ ವರ್ಷ ಕುಂಬಾರನಿಗೆ ಸಂಕಟ ಬಂತು.

ಊರ ಗೌಡರ ಮಗಳ ಮದುವೆ. ಮದುವೆಯ ಬೆಳಗ್ಗೆ ಗೌಡರ ಮನೆಯವರು ಓಲಗ ಊದಿಸಿಕೊಂಡು ಕುಂಬಾರನ ಮನೆಗೆ ಬಂದು, ನೀರು ಕಾಣದ ಒಂಬತ್ತು ಹೊಸ ಮಡಕೆ ಒಯ್ಯಬೇಕು. ಐರಣಿ ಎನ್ನುವುದು ಅದನ್ನೇ. ಐರಣಿ ಬಾರದೆ ಧಾರೆಯಿಲ್ಲ. ತಾತನ ಕಾಲದಿಂದಲೂ ಆ ಊರಿನ ಐರಣಿ ಇವರ ಮನೆಯಿಂದಲೇ ಹೋಗಬೇಕು. ಅದು ಅವರ ಹಕ್ಕು. ಕುಂಬಾರ ಆತುರಗಾರ. ಮಡಕೆ ಸುಡುವ ಆವಿಗೆಯನ್ನು ಅದು ಆರುವ ಮುಂಚೆಯೇ ತೆರೆದ. ತಣ್ಣನೆ ಗಾಳಿ ಒಳಗೆ ನುಗ್ಗಿತು. ಮಡಕೆಗಳೆಲ್ಲ ಟಣ್ ಟಣ್ ಎಂದು ಸೀಳಿದವು. ಓಲಗ ಬರುವುದು ಮಾರನೆಯ ಬೆಳಗ್ಗೆ.

"ಇನ್ನೇನು, ಗೌಡರು ಪಕ್ಕದ ಊರಿನ ಕುಂಬಾರನಿಗೆ ಹೇಳಿಕಳಿಸುತ್ತಾರೆ. ಒಂದು ಸಲ ಜಾರಿದ ಹಕ್ಕು ಮತ್ತೆ ಬಂದೀತೇ?" ಎಂದಳು ಹೆಂಡತಿ. "ನೀವು ಮಾಡಿದ ಮಡಕೆ ನೆಟ್ಟಗೆ ಕೂತಿರೋದು ಈಗ ಒಂದೇ ಕಡೆ, ಸುಂಕದವನ ಉಗ್ರಾಣದಲ್ಲಿ. ಈ ವರ್ಷ ನಲವತ್ತು ಇಳಿಸಿಕೊಂಡಿದ್ದಾನೆ. ಇವತ್ತೇ ಲೆಕ್ಕದ ದಿನ. ಹೋಗಿ ಕೇಳಿ."

ಕುಂಬಾರನಿಗೆ ನಾಚಿಕೆ. ಅವನ ಮನೆತನದಲ್ಲಿ ಯಾರೂ ಕೈಚಾಚಿದವರಲ್ಲ. ಆದರೂ ಹೊರಟ. ಅರಳಿಮರದ ಕೆಳಗೆ ಕೂತವರು ಸುಮ್ಮನೆ ಬಿಡುತ್ತಾರೆಯೇ?

"ಎಲ್ಲಿಗೋ ಸವಾರಿ? ಸುಂಕದವನಿಗೆ ಸುಖ ಹೇಳೋಕೋ, ದುಃಖ ಹೇಳೋಕೋ?"

"ದುಃಖವನ್ನೇ ಹೇಳು ಮಾರಾಯ. ಅದರಲ್ಲೂ ಐದಕ್ಕೊಂದು ಇಳಿಸಿಕೊಂಡರೆ ನಿನಗೇ ಹಗುರ!"

ಕುಂಬಾರ ತಲೆ ತಗ್ಗಿಸಿ ನಡೆದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಹೆಂಡತಿ ಹೇಳಿದ್ದು ಕೇಳಿ ಎಂದು. ಅವನ ತಲೆಯಲ್ಲಿ ಅದು ಬೇಡಿ ಎಂದು ಕೂತಿತ್ತು.

ಸುಂಕದವನು ಕಟ್ಟೆಯ ಮೇಲೆ ತೂಕಡಿಸುತ್ತಿದ್ದ. ಕುಂಬಾರ ದೊಪ್ಪನೆ ಅಡ್ಡಬಿದ್ದ. "ಒಡೆಯಾ! ಒಂಬತ್ತು ಮಡಕೆ ಬೇಡಿಕೊಳ್ಳುತ್ತೇನೆ!" ಎಂದ.

ಸುಂಕದವನು ಬೆಚ್ಚಿ ಎದ್ದ. ಬಾಯಿ ತುಂಬ ಎಲೆಅಡಿಕೆಯ ರಸ. "ಬೇಡಬೇಡ!" ಎಂದಷ್ಟೇ ಹೇಳಲಾಯಿತು. ಹೇಳುವುದು ಇನ್ನೂ ಇತ್ತು, ಆದರೆ ಬಾಯಿ ತೆರೆದರೆ ಕುಂಬಾರನ ನೆತ್ತಿ ಕೆಂಪಾಗುತ್ತಿತ್ತು. ತಾಳು ಎಂದು ಕೈ ಬೀಸಿ, ಉಗುಳಲು ಕಟ್ಟೆಯ ಹಿಂದಕ್ಕೆ ವಾಲಿದ.

ಕುಂಬಾರನ ಕಿವಿಗೆ ಬಿದ್ದದ್ದು ಎರಡು ಸಲ ಬೇಡ. ಕಣ್ಣಿಗೆ ಬಿದ್ದದ್ದು ಹೋಗು ಎಂದು ಬೀಸಿದ ಕೈ. ಎದ್ದ. ಮೊಣಕಾಲಿನ ಧೂಳನ್ನೂ ಕೊಡವದೆ ಹೊರಟ. ಸುಂಕದವನು ಉಗುಳಿ ಬಾಯಿ ಒರೆಸಿಕೊಂಡು ತಿರುಗುವಷ್ಟರಲ್ಲಿ ಅವನು ದಾರಿಯ ತಿರುವು ಮುಟ್ಟಿದ್ದ.

"ಲೋ ಕುಂಬಾರಾ! ಕೇಳೋ! ಕೇಳು!" ಎಂದು ಸುಂಕದವನು ಗಂಟಲು ಹರಿಯುವಂತೆ ಕೂಗಿದ.

ಕೊಡುವುದಂತೂ ಇಲ್ಲ, ಇನ್ನು ಬೈಗುಳ ಬೇರೆ ಕೇಳಬೇಕೇ ಎಂದುಕೊಂಡ ಕುಂಬಾರ. ಕಿವಿ ಮುಚ್ಚಿಕೊಂಡು ಕಾಲು ಚುರುಕು ಮಾಡಿದ.

ತಿರುವಿನ ಆಚೆ ಪೊರಕೆ ಮಾರುವ ಹೆಂಗಸೊಬ್ಬಳು ಎದುರಾದಳು. ಕಂಕುಳಲ್ಲಿ ಒಂದು ಕೂಸು, ಸೆರಗು ಹಿಡಿದು ಎರಡು. ಪೊರಕೆಗೆ ಸುಂಕವಿಲ್ಲ, ಅವಳು ಈವರೆಗೆ ಕಟ್ಟೆಗೆ ಒಂದು ಕಡ್ಡಿ ಕೊಟ್ಟವಳಲ್ಲ.

"ಏನಣ್ಣಾ, ಹೇಳಿಕೊಂಡೆಯಾ?"

"ಹೇಳಿಕೊಂಡೆ. ಬೇಡ ಅಂದ, ಅದೂ ಎರಡೆರಡು ಸಲ. ನೀನೂ ತಿರುಗು ತಂಗೀ. ಮಕ್ಕಳ ಕಾಲು ಸವೆಸಬೇಡ."

"ಇರಲಿ ಬಿಡಣ್ಣ. ಮನೆಯಲ್ಲಿ ದಿನಾ ಗೋಡೆಗೆ ಹೇಳ್ತೀನಿ. ಇವತ್ತು ಸುಂಕದವನಿಗೆ ಹೇಳ್ತೀನಿ. ಗೋಡೆಗಿಂತ ಕಡೆಯೇ ಅವನು?" ಎಂದು ಅವಳು ನಡೆದೇಬಿಟ್ಟಳು.

ಕುಂಬಾರ ಅರ್ಧ ದಾರಿ ಬಂದ. ಮುಂದೆ ಕಾಲೇಳಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದು? ಬೆಳಗ್ಗೆ ಓಲಗದವರು ಬಾಗಿಲಲ್ಲಿ ನಿಂತು ಊದುತ್ತಾರೆ. ಒಳಗಿನಿಂದ ಹೊರಗೆ ತರುವುದು ಏನು, ಒಡೆದ ಬೋಕಿಯೇ? ಆಮೇಲೆ ಅದೇ ಓಲಗ ಪಕ್ಕದ ಊರಿನ ದಾರಿ ಹಿಡಿಯುತ್ತದೆ. ತನ್ನ ತಾತ ಗಳಿಸಿದ್ದು ತನ್ನ ಕಾಲಕ್ಕೆ ಮುಗಿಯಿತು. ಹಳ್ಳದ ದಂಡೆಯಲ್ಲಿ ಕುಕ್ಕರಿಸಿ, ನೀರಿಗೆ ಕಲ್ಲು ಎಸೆಯುತ್ತ ಕೂತ.

ಹೊತ್ತು ಇಳಿಯಿತು. ಯಾರೋ ಕೂಗಿಕೊಂಡು ಓಡಿಬರುವುದು ಕೇಳಿಸಿತು. ನೋಡಿದರೆ ಪೊರಕೆಯವಳು. ಕಂಕುಳಲ್ಲಿ ಕೂಸಿಲ್ಲ, ಸೆರಗಿನಲ್ಲಿ ಮಕ್ಕಳಿಲ್ಲ.

"ಅಣ್ಣಾ, ನೀನು ಅವನ ಮುಂದೆ ಏನಂದೆ? ಅಂದಿದ್ದನ್ನ ಅಂದ ಹಾಗೇ ಹೇಳು."

"ಬೇಡಿಕೊಳ್ಳುತ್ತೇನೆ ಅಂದೆ."

ಅವಳು ಹಣೆ ಚಚ್ಚಿಕೊಂಡು ನಕ್ಕಳು. "ಬೇಡ್ತೀನಿ ಅಂದವನಿಗೆ ಬೇಡಬೇಡ ಅಂದಿದ್ದಾನೆ ಕಣಣ್ಣ! ಭಿಕ್ಷೆ ಬೇಡಬೇಡ, ನಿನ್ನದು ನೀನು ಕೇಳು ಅಂತ! ಕೇಳು ಕೇಳು ಅಂತ ಕೂಗಿದರೆ ಕಿವಿ ಮುಚ್ಚಿಕೊಂಡು ಓಡಿದೆಯಂತಲ್ಲ!"

"ನಿನಗೆ ಕೊಟ್ಟನೇ?"

"ಮೂರು ಮಕ್ಕಳು, ಸುಂಕ ಏನೂ ಕಟ್ಟಿಲ್ಲ ಅಂದೆ. ಆರು ಬಳ್ಳ ಅಳೆದ. ನಿನ್ನ ಲೆಕ್ಕ ನಾನು ಹೇಳೋಕೆ ಹೋದೆ, ಅವನ ಬಾಯಿಂದಲೇ ಬರಬೇಕು ಅಂದುಬಿಟ್ಟ. ಮಕ್ಕಳನ್ನ ಅಲ್ಲೇ ಬಿಟ್ಟು ಬಂದಿದ್ದೀನಿ. ಹೊತ್ತು ಮುಳುಗಿದರೆ ನಿನ್ನ ಮಡಕೆ ಅರಸನಿಗೆ. ಏಳು, ಓಡು!"

ಕುಂಬಾರ ಓಡಿದ. ಆ ವಯಸ್ಸಿನಲ್ಲಿ ಯಾರೂ ಓಡದಂತೆ ಓಡಿದ.

ಸೂರ್ಯ ಅರ್ಧ ಇಳಿದಿದ್ದ. ಸುಂಕದವನ ತೊಡೆಯ ಮೇಲೆ ಕೂಸು ಕೂತು ಅವನ ಮೀಸೆ ಜಗ್ಗುತ್ತಿತ್ತು. ಕುಂಬಾರನ ಮೊಣಕಾಲು ರೂಢಿಯಂತೆ ಬಗ್ಗಲು ಹೋಯಿತು. ತಡೆದುಕೊಂಡ. ಉಸಿರು ಸಾಲದೆ ಒಂದು ಕ್ಷಣ ಬಾಯಿ ಬಾಯಿ ಬಿಟ್ಟ. ಸುಂಕದವನು ಸೂರ್ಯನನ್ನು ನೋಡಿದ, ಕುಂಬಾರನನ್ನು ನೋಡಿದ, ಬೇಗ ಬೇಗ ಎಂದು ಕೈಯಾಡಿಸಿದ.

"ಮಾರಿದ್ದು ನೂರು," ಎಂದ ಕುಂಬಾರ. "ಒಡೆದದ್ದು ಅರವತ್ತು. ನಿನಗೆ ಕೊಟ್ಟದ್ದು ನಲವತ್ತು. ಅರಸನದು ಹತ್ತು ಇಟ್ಟುಕೋ. ಉಳಿದವು ನನ್ನ ಮಡಕೆ. ಕೊಡು."

"ಅಬ್ಬ!" ಎಂದ ಸುಂಕದವನು. "ಈ ಒಂದು ಮಾತು ಕೇಳೋಕೆ ಹನ್ನೆರಡು ವರ್ಷ ಕೂತೆ ಕಣಯ್ಯಾ."

ಮೂವತ್ತು ಮಡಕೆ ಹೊರಗೆ ಬಂದವು. ಕುಂಬಾರ ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿದ. ಒಂದೂ ಬಿರುಕು ಬಿಟ್ಟಿರಲಿಲ್ಲ. ಐರಣಿಗೆ ಒಂಬತ್ತನ್ನು ಆರಿಸಿಕೊಂಡು, ಉಳಿದವಕ್ಕೆ ನಾಳೆ ಕತ್ತೆ ತರುತ್ತೇನೆ ಎಂದ. ಪೊರಕೆಯವಳು ಕಟ್ಟೆಯ ಮೇಲೆ ಸುರಿದಿದ್ದ ರಾಗಿಯನ್ನು ನೋಡುತ್ತ ನಿಂತಿದ್ದಳು. ಹೇಳಿಕೊಳ್ಳಲು ಬಂದವಳೇ ಹೊರತು ತುಂಬಿಕೊಳ್ಳಲು ಬಂದವಳಲ್ಲ, ಚೀಲ ತಂದಿರಲಿಲ್ಲ. ಕುಂಬಾರ ಎರಡು ಮಡಕೆ ಅವಳ ಮುಂದಿಟ್ಟ. ಅವಳು ಕೇಳಿರಲಿಲ್ಲ.

ಮಾರನೆಯ ಬೆಳಗ್ಗೆ ಓಲಗ ಕುಂಬಾರನ ಬಾಗಿಲಿಗೇ ಬಂತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಿರಲಿಲ್ಲ.

"ಗುರುಗಳೇ, ಮಡಕೆಯ ನ್ಯಾಯ ತಿಳಿಯಿತು. ಅವು ಅವನವೇ, ಹೋಗಿದ್ದವು, ಬಂದವು. ರಾಗಿಯ ನ್ಯಾಯ ತಿಳಿಯಲಿಲ್ಲ. ಆ ಹೆಂಗಸು ಏನೂ ಕೊಟ್ಟಿರಲಿಲ್ಲ. ಮೊದಲು ಕೊಟ್ಟರಲ್ಲವೇ ಆಮೇಲೆ ಪಡೆಯುವ ಹಕ್ಕು?"

ಇದಕ್ಕೆ ಗುರುಗಳು ಹೇಳಿದ್ದು ಒಂದೇ ಮಾತು.

"ಮೊದಲ ಗುಟುಕು ಹಾಲಿಗೆ ಮುಂಚೆ ನಿನ್ನ ತಾಯಿಗೆ ನೀನು ಕೊಟ್ಟದ್ದೇನು ಮಗೂ, ಹೊಟ್ಟೆಯೊಳಗಿನಿಂದ ಒದೆ ತಾನೇ?"